ತರಗೆಲೆಯ ನಟರಿಗೆ ನಾನು ದೀಪ ಹಾಕಿದ್ದು

ನಾಟಕಗಳಿಗೆ ದೀಪ ಹಾಕುವುದು ನನ್ನ ವೃತ್ತಿ. ಹದಿನೆಂಟು ವರ್ಷಗಳಲ್ಲಿ ರಾಜರು, ರಾಕ್ಷಸರು, ಸತ್ತು ಬಿದ್ದ ಸೇನಾಪತಿಗಳು ಎಲ್ಲರೂ ನನ್ನ ಬೆಳಕಿನಲ್ಲೇ ಮಿಂಚಿದವರು! ಅಂಥವನಿಗೆ ನಾಲ್ಕು ಹುಳ ಯಾವ ಲೆಕ್ಕ? "ನೀನು ನಿಶ್ಚಿಂತೆಯಾಗಿ ಹೋಗಿ ಬಾ, ಸಂಜೆಗೆ ಬಾಟಲಿ ತುಂಬ ಹುಳ!" ಎಂದು ಆ ಭಾನುವಾರ ಹೆಂಡತಿಯೆದುರು ಎದೆ ತಟ್ಟಿಕೊಂಡೆ.

ಅವಳು ವಿಜ್ಞಾನದ ಟೀಚರ್. ತರಗೆಲೆಯೊಳಗೆ ಬದುಕುವ ಜೀವಿಗಳನ್ನು ಮರುದಿನ ಕಣ್ಣಾರೆ ತೋರಿಸುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟಿದ್ದಳು. "ಪುಸ್ತಕದಲ್ಲಿ ಚಿತ್ರ ಇದೆಯಲ್ಲ, ಸಾಲದೇ?" ಎಂದು ಮೂಗು ಮುರಿದಿದ್ದ ಮುಖ್ಯೋಪಾಧ್ಯಾಯಿನಿ ಪಾಠ ನೋಡಲು ಬರುವವರಿದ್ದರು. ಬಾಟಲಿ ಖಾಲಿ ಉಳಿದರೆ ಇಂಥ ಪಾಠಗಳೇ ಬಂದ್!

"ರೀ, ಸರಿಯಾಗಿ ಕೇಳಿಸ್ಕೊಳ್ಳಿ. ಪಾರ್ಕಿನ ಮರದ ಕೆಳಗಿಂದ ತೇವದ ಎಲೆ ತನ್ನಿ. ಈ ರಟ್ಟಿನ ಆಲಿಕೆಯಲ್ಲಿ ತುಂಬಿ. ಕೆಳಗೆ ಬಾಟಲಿ, ಮೇಲೆ ದೀಪ."

"ದೀಪದ ವಿಷಯ ನನಗೇ ಹೇಳ್ಕೊಡ್ತೀಯಾ?"

"ಅದಕ್ಕೇ ಎರಡೆರಡು ಸಲ ಹೇಳ್ತಿರೋದು. ಮೇಲೆ!"

ಎಲೆ ತಂದೆ, ತುಂಬಿದೆ. ಆಗ ನನ್ನೊಳಗಿನ ಕಲಾವಿದ ಮೈಮುರಿದು ಎದ್ದ. ನಟ ಎಲ್ಲಿಗೆ ಬರಬೇಕೋ ಅಲ್ಲಲ್ಲವೇ ಬೆಳಕಿರಬೇಕು? ಹುಳಗಳು ಬರಬೇಕಾದ್ದು ಬಾಟಲಿಗೆ. ಅಂದಮೇಲೆ ಬಾಟಲಿಯೇ ರಂಗ! ಕತ್ತಲ ರಂಗಕ್ಕೆ ಯಾವ ನಟ ತಾನೇ ಕಾಲಿಡುತ್ತಾನೆ? ದೀಪವನ್ನು ಬಾಟಲಿಯ ಬುಡಕ್ಕಿಟ್ಟೆ. ಅರಮನೆಯ ದೃಶ್ಯಕ್ಕೂ ಅಂಥ ಬೆಳಕು ಕೊಟ್ಟಿರಲಿಲ್ಲ! ಕುರ್ಚಿ ಎಳೆದುಕೊಂಡು ಪ್ರೇಕ್ಷಕನಾಗಿ ಕೂತೆ, ಮತ್ತು ಅನೇಕ ಪ್ರೇಕ್ಷಕರಂತೆ ನಿದ್ದೆ ಹೋದೆ.

ಎಚ್ಚರವಾದದ್ದು ಸೋಫಾದಲ್ಲಿದ್ದ ಅತ್ತೆಯವರ ಕೂಗಿಗೆ. "ಅಳಿಯಂದಿರೇ! ನನ್ನ ಕನ್ನಡಕದ ಮೇಲೆ ಏನೋ ಕುಪ್ಪಳಿಸ್ತಿದೆ!"

ಬಾಟಲಿ ಥಳಥಳ ಹೊಳೆಯುತ್ತಿತ್ತು, ಒಳಗೆ ಒಂದು ಹುಳವೂ ಇಲ್ಲ. ಇಡೀ ನಟವರ್ಗ ಆಲಿಕೆಯ ಬಾಯಿಂದ ಮೇಲೆ ಹತ್ತಿ, ಮೇಜು ದಾಟಿ, ಸೋಫಾದ ಕಡೆಗೆ ದಂಡಯಾತ್ರೆ ಹೊರಟಿತ್ತು! ಅದೇ ಹೊತ್ತಿಗೆ ಹೆಂಡತಿ ಬಾಗಿಲಲ್ಲಿ.

"ಅಯ್ಯೋ, ಬೆಳಕು, ಬಿಸಿ ಅಂದ್ರೆ ಇವಕ್ಕೆ ಆಗೋದಿಲ್ಲ ರೀ! ಮೇಲೆ ದೀಪ ಇದ್ದಿದ್ರೆ ಕೆಳಗೆ ಇಳೀತಿದ್ವು. ನೀವು ಕೆಳಗಿಟ್ಟು ಮೇಲಕ್ಕೆ ಓಡಿಸಿದ್ದೀರ!"

"ಬೆಳಕು ಬೇಡ ಅನ್ನೋ ನಟರನ್ನ ನಾನೆಲ್ಲಿ ನೋಡಿದ್ದೆ ಕಣೇ?"

ಮಂಗಳಾರತಿ ಕಾದಿದೆ ಎಂದುಕೊಂಡೆ. ಅವಳು ಬಯ್ಯಲಿಲ್ಲ. ದೀಪ ಆರಿಸಿ, ಪರದೆ ಎಳೆದು, ನೆಲದ ಮೇಲೆ ಅಲ್ಲಲ್ಲಿ ಒದ್ದೆ ಬಟ್ಟೆ ಹಾಸಿ ಕಾದಳು. ಅರ್ಧ ಗಂಟೆ ಬಿಟ್ಟು ಬಟ್ಟೆ ಎತ್ತಿದರೆ, ಓಡಿಹೋದವರೆಲ್ಲ ಅಲ್ಲೇ ಹಾಜರ್! ಸಣ್ಣ ಬ್ರಷ್ಷಿನಿಂದ ಒಂದೊಂದನ್ನೇ ಬಾಟಲಿಗೆ ಇಳಿಸುತ್ತ ನನಗೂ ಭೂತಗನ್ನಡಿ ಕೊಟ್ಟಳು. ಸಾಸಿವೆಗಿಂತ ಚಿಕ್ಕ ಹುಳವೊಂದು ಹೊಟ್ಟೆಯಡಿ ಮಡಚಿದ್ದ ಬಾಲ ಬಿಚ್ಚಿ ಗೇಣುದ್ದ ಚಿಮ್ಮಿತು. ಸಹಸ್ರಪದಿಯ ಅಷ್ಟೂ ಕಾಲುಗಳಲ್ಲಿ ಒಂದೂ ತಾಳ ತಪ್ಪಲಿಲ್ಲ. ಇಂಥ ಕುಣಿತವನ್ನು ನಾನು ಯಾವ ರಂಗದ ಮೇಲೂ ಕಂಡಿರಲಿಲ್ಲ. ಹುಳಗಳನ್ನು ಮೆಚ್ಚಬೇಕೋ, ಹುಡುಕಿದ ಹೆಂಡತಿಯನ್ನು ಮೆಚ್ಚಬೇಕೋ ತಿಳಿಯದೆ ಇಬ್ಬರಿಗೂ ಮನಸ್ಸಿನಲ್ಲೇ ಕೈಮುಗಿದೆ. ಅವಳು ಮಾತ್ರ ಮೂಲೆ ಮೂಲೆ ಹುಡುಕುತ್ತ ಪುಸ್ತಕದ ಕಪಾಟಿನವರೆಗೂ ಹೋದಳು.

ಸೋಮವಾರ ಸಂಜೆ ಮುಖ ಅರಳಿಸಿಕೊಂಡು ಬಂದಳು.

"ಪಾಠ ಗೆದ್ದಿತು ರೀ! ಮುಖ್ಯೋಪಾಧ್ಯಾಯಿನಿ ಭೂತಗನ್ನಡಿ ಬಿಟ್ಟೇ ಕೊಡ್ಲಿಲ್ಲ. ಪ್ರತಿ ತಿಂಗಳೂ ಇಂಥ ಪಾಠ ಮಾಡಿ ಅಂದ್ರು. ಎಲ್ಲಕ್ಕಿಂತ ಮಕ್ಕಳಿಗೆ ಹಿಡಿಸಿದ್ದು ಆ ಪುಟಾಣಿ ಹುಳ, ಚೇಳಿನ ಹಾಗೆ ಇಕ್ಕಳದಂಥ ಕೈ, ಬಾಲ ಮಾತ್ರ ಇಲ್ಲ."

ನಾನು ಮೀಸೆ ತಿರುವಿದೆ. "ಎಲೆ ಆರಿಸಿ ತಂದವರು ಯಾರು ಮತ್ತೆ?"

"ಅದು ನಿಮ್ಮ ಎಲೆಯದಲ್ಲ. ಆ ಜಾತಿಯವು ಮನೆಯೊಳಗೂ ಇರ್ತವೆ, ಯಾರೂ ಮುಟ್ಟದ ಪುಸ್ತಕಗಳಲ್ಲಿ."

"ಯಾವ ಪುಸ್ತಕದಲ್ಲಿತ್ತು?"

"ರಂಗದ ಬೆಳಕಿನ ಬಗ್ಗೆ ನಿಮ್ಮದೊಂದು ದಪ್ಪ ಪುಸ್ತಕ ಇದೆಯಲ್ಲ, ಅದರಲ್ಲಿ. ಮೊದಲನೇ ಪುಟದಲ್ಲೇ ಸಂಸಾರ ಹೂಡಿತ್ತು ರೀ. ಇಷ್ಟು ವರ್ಷ ಯಾರೂ ತೊಂದರೆ ಕೊಟ್ಟಿಲ್ಲ, ಪಾಪ!"