ಹಡಗು ನೆಲ ಕಚ್ಚಿಸುವ ಕಾಕಾ

ಯಲಬುರ್ಗಾದಿಂದ ಸಮುದ್ರ ಎಷ್ಟು ದೂರ? ಭೂಗೋಳದ ಮೇಷ್ಟ್ರನ್ನು ಕೇಳಿದರೆ ನಕಾಶೆ ಬಿಚ್ಚಿ ಏನೇನೋ ಹೇಳಿಯಾರು. ನನ್ನನ್ನು ಕೇಳಿ: ನಮ್ಮ ಕಾಕಾನ ಬಾಯಿಯಿಂದ ಒಂದು ಗೇಣು! ಹಳ್ಳದಲ್ಲೂ ನೀರು ನಿಲ್ಲದ ಈ ಎರೆಮಣ್ಣಿನ ಊರಿನಲ್ಲಿ ನೌಕಾಪಡೆಯ ಒಂದು ಶಾಖೆ ಇದೆ. ಅದು ನಮ್ಮ ಮನೆಯ ಕಟ್ಟೆಯ ಮೇಲೆ ಬನಿಯನ್ ಹಾಕಿಕೊಂಡು ಕೂತು, ಬಸಿಯಲ್ಲಿ ಚಹಾ ಹೊಯ್ದುಕೊಂಡು ಕುಡಿಯುತ್ತದೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ನೌಕಾಪಡೆ ಎಂದೊಡನೆ ನೀವು ತೋಪು, ಹೊಗೆ, ಕದನ ಎಲ್ಲ ಕಲ್ಪಿಸಿಕೊಂಡಿರೇನು? ತಡೆಯಿರಿ. ಅವನಿದ್ದದ್ದು ಸೈನಿಕರನ್ನೂ ಯುದ್ಧದ ಟ್ಯಾಂಕುಗಳನ್ನೂ ಹೊಟ್ಟೆಯಲ್ಲಿ ತುಂಬಿಕೊಂಡು ಹೋಗಿ ದಡಕ್ಕೆ ಇಳಿಸುವ ಹಡಗಿನಲ್ಲಿ. ಅದಕ್ಕೆ ಬಂದರು ಗಿಂದರು ಏನೂ ಬೇಕಿಲ್ಲ. ನೇರವಾಗಿ ಮರಳಿಗೆ ನುಗ್ಗಿ ಮೂತಿ ಊರಿ ನಿಲ್ಲುತ್ತದೆ. ಮೂತಿಯ ಬಾಗಿಲು ತೆರೆಯುತ್ತದೆ. ಒಳಗಿದ್ದದ್ದೆಲ್ಲ ಹೊರಗೆ!

ತೊಂಬತ್ತೇಳರಲ್ಲಿ ನಿವೃತ್ತನಾಗಿ, ತಲೆಯ ಮೇಲೆ ಟ್ರಂಕು ಹೊತ್ತು ಊರಿಗೆ ಬಂದಿಳಿದ ದಿನವೇ ಕಾಕಾ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ತನ್ನ ಹಣೆಬರಹವನ್ನು ತಾನೇ ಬರೆದುಕೊಂಡ.

"ಹಡಗಿನ್ಯಾಗ ನಿನ್ನ ಕೆಲಸ ಏನಿತ್ತೋ ತಮ್ಮಾ?" ಎಂದು ಹಿರಿಯರೊಬ್ಬರು ಕೇಳಿದರು.

"ಟ್ಯಾಂಕ್ ತುಂಬಕೊಂಡು ಹೋಗಿ ಹಡಗ ನೆಲಾ ಕಚ್ಚಸ್ತಿದ್ವಿರಿ" ಎಂದ ಕಾಕಾ ಎದೆಯುಬ್ಬಿಸಿ.

ನಮ್ಮೂರಲ್ಲಿ ಟ್ಯಾಂಕ್ ಎಂದರೆ ನೀರಿನ ಟ್ಯಾಂಕು. ಬೇರೆ ಟ್ಯಾಂಕನ್ನು ಯಾರು ಕಂಡಿದ್ದಾರೆ? ಇನ್ನು ನೆಲ ಕಚ್ಚುವುದೆಂದರೆ ಕೇಳಲೇಬೇಡಿ. ಸಜ್ಜೆ ನೆಲ ಕಚ್ಚುತ್ತದೆ, ಕಿರಾಣಿ ವ್ಯಾಪಾರ ನೆಲ ಕಚ್ಚುತ್ತದೆ. ಕಚ್ಚಿತು ಎಂದರೆ ಕತೆ ಮುಗಿಯಿತು!

"ಒಂದ ಸಲ ಕಚ್ಚಿಸಿದ್ಯೋ, ಮ್ಯಾಲಿಂದ ಮ್ಯಾಲೋ?" ಎಂದರು ಹಿರಿಯರು ಕನಿಕರದಿಂದ.

"ಲೆಕ್ಕಾನ ಇಟ್ಟಿಲ್ರೀ!" ಎಂದ ಸತ್ಯಸಂಧ.

ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು. ಸಮುದ್ರದ ತುಂಬ ನೀರಿದ್ದರೂ ನೀರಿನ ಟ್ಯಾಂಕು ಸಾಗಿಸಿದ, ಸರಕಾರದ ಹಡಗನ್ನು ಹಾಳು ಮಾಡಿದ, ಕೊನೆಗೆ ಮನೆಗೆ ಅಟ್ಟಿಸಿಕೊಂಡು ಬಂದ! ಕಾಕಾ ತಿದ್ದಿ ಹೇಳಿದಷ್ಟೂ ಕತೆಗೆ ರೆಕ್ಕೆಪುಕ್ಕ ಬೆಳೆದವು. ಮೂತಿಯಲ್ಲಿ ಬಾಗಿಲಿತ್ತು ಎಂದು ಅವನೇ ಬಾಯಿಬಿಟ್ಟಾಗ, "ಹಂಗಾರ ನೀರ ಒಳಗ ಬರದ ಏನ್ ಮಾಡೀತು!" ಎಂದು ತೀರ್ಪಾಯಿತು.

ಇಷ್ಟಾದರೂ ಅವನ ಸೇವೆ ನಿಂತಿತೇ? ಬಸ್ಸು ಹತ್ತಿದರೆ ಪ್ರಯಾಣಿಕರನ್ನು ಇಳಿಸುವ ಹೊಣೆ ಅವನದೇ. ಒಮ್ಮೆ ಕುಷ್ಟಗಿ ಬಸ್ಸಿನಲ್ಲಿ ಬಾಗಿಲಿಗೆ ಅಡ್ಡ ನಿಂತು, "ಮೊದ್ಲ ದಂಡಿ ನೋಡ್ರಿ, ಆಮ್ಯಾಲ ಬಾಗಲಾ ತಗೀರಿ!" ಎಂದು ಅಬ್ಬರಿಸಿದ.

"ದಂಡಿ ಎಲ್ಲೈತ್ರಿ ಯಜಮಾನ್ರ? ಇಲ್ಲಿರೋದೆಲ್ಲಾ ಗುಂಡಿ. ಲಗೂನ ಇಳೀರಿ!" ಎಂದ ಕಂಡಕ್ಟರ್.

ಹಿಂದಿನ ದಿನ ಮಳೆಯಾಗಿತ್ತು. ಕಾಕಾ ಇಳಿದದ್ದು ಮೊಣಕಾಲುದ್ದ ನೀರಿಗೆ. ಧೋತರ ಎತ್ತಿ ಹಿಡಿದು ರಸ್ತೆಯ ಅಂಚು ಮುಟ್ಟಿದಾಗ ಅವನ ಮುಖದಲ್ಲಿದ್ದ ಆನಂದವನ್ನು ನಾನು ಯಾವ ಮದುಮಗನ ಮುಖದಲ್ಲೂ ಕಂಡಿಲ್ಲ.

ಮುಂದೆ ಕೆಲವು ವರ್ಷಗಳಿಗೆ ಹೊಸ ತರಹದ ದೊಡ್ಡ ಹಡಗೊಂದನ್ನು ಟಿವಿಯಲ್ಲಿ ತೋರಿಸಿದರು. ಅದನ್ನು ನೋಡಿ ಕಾಕಾ ಕೆಂಡವಾದ. "ಇದೂ ಒಂದ ಹಡಗೇನಪಾ! ದಂಡಿಗೆ ಬರೂದ ಇಲ್ಲಂತ. ದೂರ ನಿಂತು ಹೊಟ್ಟಿಯೊಳಗ ನೀರ ಬಿಟ್ಕೊಂಡು ಸಣ್ಣ ದೋಣಿ ಹೊರಗ ಕಳಸ್ತೈತಿ, ಮ್ಯಾಲ ಹೆಲಿಕಾಪ್ಟರ್ ಹಾರಸ್ತೈತಿ. ಥೇಟ್ ಜೀಪಿನ್ಯಾಗ ಕುಂತ ಬೆಳಿ ನೋಡೋ ಸಾಹೇಬ!"

"ಛಲೋ ಆತಲ್ಲ ಕಾಕಾ, ನೆಲಾ ಕಚ್ಚೋದರ ತಪ್ತು" ಎಂದೆ. ಆ ದಿನವೆಲ್ಲ ನನ್ನೊಂದಿಗೆ ಮಾತು ಬಿಟ್ಟ.

ನಗೆಯೆಲ್ಲ ಸರಿ, ಆದರೆ ಅದು ಕಾಕಾನ ಮಗಳ ಕೊರಳಿಗೆ ಬಂತು ನೋಡಿ. ಗಂಗಾವತಿಯ ಅಕ್ಕಿ ಗಿರಣಿಯವರ ಮನೆಯಿಂದ ಸಂಬಂಧ ಬಂದಿತ್ತು. ಕಾಕಾನ ಮಗಳೆಂದರೆ ನನಗೂ ತಂಗಿಯೇ; ಹುಡುಗ ಅವಳಿಗೆ ತುಂಬ ಹಿಡಿಸಿದ್ದ. ಅಷ್ಟರಲ್ಲಿ ಮಧ್ಯಸ್ಥಗಾರ ಮೆಲ್ಲನೆ ಉಸುರಿದ: "ಹುಡುಗಿ ಬಂಗಾರ ಅದಾಳ್ರಿ. ಆದ್ರ ಅಪ್ಪ ಸರಕಾರದ ಹಡಗಾನ ನೆಲಾ ಕಚ್ಚಿಸ್ಯಾನ ಅಂತ ಸುದ್ದಿ. ಮಿಲ್ಲಿನ ಮಂದಿ, ಅಂಜ್ತಾರ."

ಕಾಕಾನ ಹೆಂಡತಿ, ನನ್ನ ಚಿಗವ್ವ, ಗಂಡನಿಗೆ ಕೈಮುಗಿದಳು. "ನಿಮ್ಮ ಕಾಲಿಗೆ ಬೀಳ್ತೀನ್ರಿ, ಅವರ ಮುಂದ ಹಡಗಿನ ಹೆಸರು ಎತ್ತಬ್ಯಾಡ್ರಿ. ಮಗಳ ಬಾಳೇವು ಐತಿ."

ಕಾಕಾ ತಲೆಯಾಡಿಸಿದ. ಅವನು ಹಡಗು ಬಿಟ್ಟು ಮಾತಾಡುವುದೂ ಒಂದೇ, ನಾನು ಎವರೆಸ್ಟ್ ಹತ್ತುವುದೂ ಒಂದೇ ಎಂದುಕೊಂಡೆ.

ಬೀಗರು ಬಂದರು. ಚುರುಮುರಿ, ಮಿರ್ಚಿ ಮುಗಿಯಿತು. ಹುಡುಗನ ಅಪ್ಪ ಮೀಸೆ ಒರೆಸಿಕೊಂಡು ಕೇಳಿಯೇಬಿಟ್ಟರು: "ನೇವಿಯೊಳಗ ನಿಮ್ಮದು ಏನ್ ಕೆಲಸ ಇತ್ರಿ?"

ಕಾಕಾ ಚಹಾದ ತಾಟು ಹಿಡಿದು ನಿಂತ ಮಗಳನ್ನು ನೋಡಿದ. "ಆಫೀಸಿನ್ಯಾಗ ಇದ್ನಿರಿ. ಕುರ್ಚಿ ಮ್ಯಾಲ ಕುಂದ್ರೂ ಕೆಲಸ. ಹಡಗ... ನಾ ಹಡಗ ಹತ್ತೇ ಇಲ್ರಿ."

ಅವನನ್ನು ಅಷ್ಟು ವರ್ಷ ಗೇಲಿ ಮಾಡಿದ ನಾನು ಆ ಮಾತು ಕೇಳಿ ತಲೆ ತಗ್ಗಿಸಿದೆ.

ತಂಗಿ ತಾಟನ್ನು ಕೆಳಗಿಟ್ಟಳು. "ಅಪ್ಪ ಸುಳ್ಳ ಹೇಳಾಕತ್ತಾನ್ರಿ. ಅವ ಹಡಗಿನ್ಯಾಗ ಇದ್ದ. ಆ ಹಡಗ ಬೇಕಂತನ ನೆಲಾ ಕಚ್ಚತೈತ್ರಿ, ಒಳಗಿನ ಮಂದಿನ್ನ ದಂಡಿಗೆ ಇಳಸಾಕ. ಅದ ಅದರ ಕೆಲಸ. ನಮ್ಮಪ್ಪ ಏನೂ ಹಾಳ ಮಾಡಿಲ್ರಿ."

ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹುಡುಗನ ಅಪ್ಪ ಮುಂದಕ್ಕೆ ಬಾಗಿ ಕೇಳಿದರು:

"ಕಚ್ಚಿದ್ದು ಹೊಳ್ಳಿ ಹೆಂಗ ಬರತೈತಿ ತಂಗಿ? ನಮ್ಮ ಗದ್ದಿ ರಾಡ್ಯಾಗ ಟ್ರ್ಯಾಕ್ಟರ್ ಸಿಕ್ರ ಜಪ್ಪಯ್ಯ ಅಂದ್ರೂ ಬರೂದಿಲ್ಲ."

"ದಂಡಿ ಇನ್ನೂ ದೂರ ಇದ್ದಾಗನ ಹಿಂದ ಒಂದ ಲಂಗರ ಬಿಟ್ಟಿರ್ತಾರ್ರಿ. ಅದರ ಹಗ್ಗಾ ಬಿಟ್ಟಕೋತ ಮುಂದ ಹೋಗ್ತಾರ. ಕೆಲಸ ಮುಗದ ಮ್ಯಾಲ ಅದನ್ನ ಎಳಕೋತ ಹಿಂದ ಬರ್ತಾರ."

ಅವರು ಮಗನ ಕಡೆ ತಿರುಗಿದರು. "ಕೇಳಿದೇನೋ? ವರ್ಷಾ ರಾಡ್ಯಾಗ ಹೂತಕೊಂಡು ಕುಂದರ್ತಿ. ಮನಿಗೆ ಇಂಥಾ ಶಾಣ್ಯಾಕಿ ಒಬ್ಬಾಕಿ ಬೇಕ ನೋಡು!" ಎಂದವರೇ ನಮ್ಮ ಚಿಗವ್ವನಿಗೆ, "ಸಕ್ಕರಿ ತರ್ರೆವ್ವಾ, ಬಾಯಿ ಸಿಹಿ ಮಾಡೂಣು" ಎಂದರು.

ಅವರೆಲ್ಲ ಹೋದ ಮೇಲೆ ಕಾಕಾ ಅಡುಗೆಮನೆಯ ಬಾಗಿಲಲ್ಲಿ ನಿಂತ. "ಇದನ್ನೆಲ್ಲಾ ಯಾವಾಗ ಕೇಳಿಸ್ಕೊಂಡಿದ್ದಿ ಯವ್ವಾ?"

"ರಜಾ ಮುಗಿಸಿ ಹೋಗೂ ದಿನ ಮಧ್ಯಾಹ್ನ ನನ್ನ ಮಲಗಸ್ಕೋತ ಹೇಳ್ತಿದ್ಯಲ್ಲಪಾ."

"ಹಡಗ ಹೊಳ್ಳಿ ಹೋಗೂ ಮಾತು ಬರೂದ್ರಾಗ ನಿನಗ ನಿದ್ದಿ ಹತ್ತಿರ್ತಿತ್ತಲ್ಲ."

"ನಿದ್ದಿ ಎಲ್ಲಿದಪಾ? ಆವಾಗ, ನೀನೂ ಹೊಳ್ಳಿ ಹೋಗ್ತಿ ಅಂತ, ನನಗ ಅಳು ಬರ್ತಿತ್ತು. ನೀ ನೋಡಬಾರದು ಅಂತ ಕಣ್ಣ ಮುಚ್ಕೊಂಡಿರ್ತಿದ್ದೆ."

ಕಾಕಾ ಅವಳನ್ನು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತುಬಿಟ್ಟ.