ಸೈಕಲ್ಲಿಗೆ ಅಡ್ಡ ಬಂದ ಹುಲಿ

ಸೈಕಲ್ಲಿನ ಮೇಲೆ ಕನ್ಯಾಕುಮಾರಿಗೆ ಹೋಗಿಬರುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನನಗೆ ಮೊದಲಿನಿಂದಲೂ ಖಚಿತವಾಗಿತ್ತು. ಭೂಪಟದಲ್ಲಿ ದೊಡ್ಡಬಳ್ಳಾಪುರ ಮೇಲಿದೆ, ಕನ್ಯಾಕುಮಾರಿ ಕೆಳಗಿದೆ. ಮೇಲಿನಿಂದ ಕೆಳಕ್ಕೆ ಹೋಗುವವರು ಹೆಚ್ಚು ತುಳಿಯಬೇಕಾಗಿಲ್ಲ ಎಂದು ಗೆಳೆಯ ನಂಜಪ್ಪ ಹೇಳಿದಾಗ, ಮಿಡ್ಲ್ ಸ್ಕೂಲಿನಲ್ಲಿ ಕನ್ನಡದ ಜೊತೆಗೆ ಆಗಾಗ ಭೂಗೋಳವನ್ನೂ ಪಾಠ ಮಾಡುತ್ತಿದ್ದ ನಾನು ಗಂಭೀರವಾಗಿ ತಲೆಯಾಡಿಸಿದೆ.

ಅದು ಯುದ್ಧದ ಕಾಲ. ನೂಲು ಸಿಗದೆ ನಂಜಪ್ಪನ ರೇಷ್ಮೆ ಮಗ್ಗ ನಿಂತುಹೋಗಿತ್ತು. ನಿಂತ ಮಗ್ಗದ ಮುಂದೆ ಕೂತು ಅವನು ದೇಶ ಸುತ್ತುವ ಯೋಚನೆ ಮಾಡುತ್ತಿದ್ದ. ಈ ಯೋಚನೆಯನ್ನು ಅವನ ತಲೆಗೆ ಹಾಕಿದವನು ಒಬ್ಬ ಗಡ್ಡದ ಯಾತ್ರಿಕ. ಪ್ರಪಂಚವನ್ನೇ ಸೈಕಲ್ಲಿನಲ್ಲಿ ಸುತ್ತುತ್ತೇನೆಂದು ಹೇಳಿಕೊಂಡು ನಮ್ಮ ಊರಿಗೂ ಬಂದು, ಸ್ಕೂಲಿನಲ್ಲಿ ಭಾಷಣ ಮಾಡಿ, ಹಾರ ಹಾಕಿಸಿಕೊಂಡು, ಚಿತ್ರಾನ್ನ ತಿಂದು ಹೋಗಿದ್ದ. "ಭಯ ಇರೋದು ಮೊದಲ ಹತ್ತು ಮೈಲಿ ಮಾತ್ರ, ಆಮೇಲೆ ಅದು ಹಿಂದೆ ಬಿದ್ದುಬಿಡುತ್ತೆ" ಎಂದು ಅವನು ಹೇಳಿದ ಮಾತು ನಂಜಪ್ಪನ ಎದೆಯಲ್ಲಿ ನಾಟಿತು. ನನ್ನ ಎದೆಯಲ್ಲಿ ಹಾರ ನಾಟಿತು.

ನನ್ನ ಹೆಂಡತಿ ಸಾವಿತ್ರಿ ಮಾತ್ರ ಒಪ್ಪಲಿಲ್ಲ.

"ಏನ್ರೀ, ಸಂತೆಗೆ ಹೋಗಿಬಂದ್ರೇ ಎರಡು ದಿನ ಸೊಂಟ ಹಿಡ್ಕೊಂಡು ಕೂರ್ತೀರಿ."

"ಅದು ನಡೆದು ಹೋಗಿದ್ದಕ್ಕೆ. ಇದು ಸೈಕಲ್ಲು. ಸೊಂಟಕ್ಕೆ ಕೆಲಸವೇ ಇಲ್ಲ."

ಅವಳು ನನ್ನ ಕಡೆಗೆ ನೋಡದೆ ನಂಜಪ್ಪನಿಗೆ ಹೇಳಿದಳು: "ನೋಡಿ ನಂಜಪ್ಪನವರೇ, ಕನ್ಯಾಕುಮಾರಿ ಸಿಕ್ಕದಿದ್ರೂ ಚಿಂತೆಯಿಲ್ಲ. ಇವರನ್ನ ಹೋದಹಾಗೇ ವಾಪಸು ತಂದ್ಬಿಡಿ."

ಉಡುಪಿನ ವಿಷಯದಲ್ಲಿ ನನಗೂ ನಂಜಪ್ಪನಿಗೂ ವಾದವಾಯಿತು. ಯಾತ್ರಿಕರು ಖಾಕಿ ನಿಕ್ಕರು ಹಾಕಲೇಬೇಕು ಎಂದು ಅವನು. ಪಂಚೆಯಿಲ್ಲದೆ ಮೇಷ್ಟ್ರು ಬೀದಿಗೆ ಇಳಿಯಬಾರದು ಎಂದು ನಾನು. ಕಡೆಗೆ ಇಬ್ಬರಿಗೂ ಸಮ್ಮತವಾದ ಒಂದು ಏರ್ಪಾಡಾಯಿತು. ಕಚ್ಚೆ ಪಂಚೆಯನ್ನು ಬಿಗಿಯಾಗಿ ಸುತ್ತಿ, ಗಂಟುಹಾಕಿ, ಅದರ ಮೇಲೆ ನಿಕ್ಕರು ಏರಿಸಿದೆ. ಈ ಪಂಚೆಯನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನು ಮರೆತದ್ದರಿಂದ ಆದ ಅನಾಹುತವನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಕಡೆಯ ಮಕ್ಕಳು ಹಾಲನ್ನು ಆಲು ಎನ್ನುತ್ತಾರೆ, ಹೂವನ್ನು ಊವು ಎನ್ನುತ್ತಾರೆ, ಹುಲಿಯನ್ನು ಉಲಿ ಎನ್ನುತ್ತಾರೆ. ಬಿದ್ದುಹೋದ ಹಕಾರವನ್ನು ಎತ್ತಿ ಅದರ ಜಾಗದಲ್ಲಿ ಕೂರಿಸುವುದೇ ನನ್ನ ಉದ್ಯೋಗ. ವರ್ಷಗಟ್ಟಲೆ ಮಾಡಿ ಅದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಸಂತೆಯಲ್ಲಿ ಹುರುಳಿ ಮಾರುವವಳನ್ನೂ ತಿದ್ದದೆ ನಾನು ಹುರುಳಿ ಕೊಂಡವನಲ್ಲ.

ಬೆಳಿಗ್ಗೆ ಹೊರಟೆವು. ದೇವನಹಳ್ಳಿ, ಸೂಲಿಬೆಲೆ, ಹೊಸಕೋಟೆ, ಅಲ್ಲಿಂದ ತಮಿಳುಸೀಮೆ, ಆಮೇಲೆ ಸಮುದ್ರ. ಟಯರು ಸಿಗದ ಕಾಲವಾದ್ದರಿಂದ ನನ್ನ ಹಿಂದಿನ ಚಕ್ರಕ್ಕೆ ಹಳೆಯ ಟಯರಿನ ತುಂಡೊಂದನ್ನು ಒಳಗಿಟ್ಟು ಹೊಲಿಸಿದ್ದೆ. ಚಕ್ರ ಒಂದು ಸುತ್ತು ಬಂದಾಗಲೆಲ್ಲ ಆ ತುಂಡು ಸೀಟನ್ನು ಒಮ್ಮೆ ಎತ್ತಿ ಕುಕ್ಕುತ್ತಿತ್ತು. ದೇವನಹಳ್ಳಿಯ ಕೋಟೆ ದಾಟುವಾಗಲೇ ತೊಡೆಯ ಸಂದಿಯಲ್ಲಿ ಏನೋ ಚುರುಕು ಶುರುವಾಯಿತು. ಸಾಹಸಿಗಳಿಗೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾದೆ.

ಸೂಲಿಬೆಲೆಗೆ ಇನ್ನೂ ದೂರವಿತ್ತು. ಎರಡು ಕಡೆಯೂ ಬಂದರೆ ಗಿಡಗಳ ಕುರುಚಲು, ಎದುರುಗಾಳಿ, ಒಂದು ಗಾಡಿಯೂ ಇಲ್ಲದ ದಾರಿ. ದೂರದ ದಿಣ್ಣೆಯ ಮೇಲೆ ಕುರಿ ಕಾಯುತ್ತಿದ್ದ ಒಬ್ಬ ಮುದುಕ ನಮ್ಮನ್ನು ಕಂಡು ಎದ್ದುನಿಂತು, ಕೋಲು ಎತ್ತಿ, ಗಂಟಲು ಹರಿಯುವಂತೆ ಕೂಗಿದ. ಗಾಳಿ ಅರ್ಧವನ್ನು ತಿಂದು ಉಳಿದದ್ದನ್ನು ನಮಗೆ ಕೊಟ್ಟಿತು: "...ಲಿ ಬಿದ್ದೈತೆ... ಓಗ್‌ಬ್ಯಾಡೀ..."

ನಂಜಪ್ಪ ಕಾಲೂರಿ ನಿಂತ. "ಏನಂದ ಮೇಷ್ಟ್ರೆ?"

"ಉಲಿ ಬಿದ್ದೈತೆ ಅಂದ. ಅಂದರೆ ಹುಲಿ. ಹಕಾರ ಬಿಟ್ಟಿದ್ದಾನೆ ಅಷ್ಟೆ."

"ಈ ಕಡೆ ಹುಲಿ ಎಲ್ಲೈತೆ? ನಂದಿಬೆಟ್ಟದಲ್ಲಿ ಚಿರತೆ ಐತೆ ಅಂತಾರೆ."

"ಚಿರತೆಗೂ ಹುಲಿ ಅಂತಾರಪ್ಪಾ ಹಳ್ಳಿಯವರು. ಈಗ ಆ ಚರ್ಚೆ ಬೇಕಾ?"

ಚರ್ಚೆ ಬೇಡವೆಂದು ಅವನಿಗೂ ತೋರಿತು. ಎದುರಿಗೆ ಹುಣಸೆ ಮರಗಳ ನಡುವೆ ಒಂದು ಹಳ್ಳಿಯ ಹೆಂಚು ಕಾಣುತ್ತಿತ್ತು. ಜನವಿರುವ ಕಡೆ ಹೋಗಿ ಸೇರುವುದೇ ಕ್ಷೇಮವೆಂದು ತುಳಿದೆವು. ಹತ್ತು ಮೈಲಿ ಆಗಲೇ ಕಳೆದಿತ್ತು. ಭಯ ಹಿಂದೆ ಬಿದ್ದಿರಲಿಲ್ಲ, ನನ್ನ ಕ್ಯಾರಿಯರಿನ ಮೇಲೆ ಕೂತು ಬರುತ್ತಿತ್ತು. ಒಂದೆರಡು ಸಲ ತಿರುಗಿ ನೋಡಬೇಕೆನ್ನಿಸಿತು. ನೋಡಲಿಲ್ಲ. ನೋಡಿದರೆ ಇರುತ್ತದೆ ಎನ್ನಿಸಿತು.

ಊರೊಳಗೆ ಕಾಲಿಟ್ಟಾಗ ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕೋಳಿ ಇರಲಿಲ್ಲ. ಒಲೆಯ ಹೊಗೆ ಇರಲಿಲ್ಲ. ಬಾವಿಯ ರಾಟೆಯಲ್ಲಿ ಹಗ್ಗವಿರಲಿಲ್ಲ. ಎಲ್ಲ ಬಾಗಿಲುಗಳೂ ಮುಚ್ಚಿದ್ದವು, ಪ್ರತಿಯೊಂದು ಬಾಗಿಲಿಗೂ ಅಡ್ಡಲಾಗಿ ಮುಳ್ಳುಕೊಂಬೆ ಬಡಿದಿದ್ದರು.

"ಮುಳ್ಳು ಯಾಕೆ ಮೇಷ್ಟ್ರೆ?" ನಂಜಪ್ಪನ ದನಿ ಸಣ್ಣದಾಗಿತ್ತು.

"ಹುಲಿ ಬಾಗಿಲು ತಳ್ಳದಿರಲಿ ಅಂತ."

"ಅಲ್ನೋಡಿ, ಆ ಮನೆ ಹೆಂಚು ತೆಗೆದೈತೆ."

ನಿಜ. ನಾಲ್ಕಾರು ಮನೆಗಳ ಮಾಡಿನಲ್ಲಿ ನಡುವೆ ಹೆಂಚಿರಲಿಲ್ಲ. ದೊಡ್ಡ ದೊಡ್ಡ ತೂತುಗಳಿದ್ದವು. "ಮಾಡು ಹತ್ತಿ ಇಳಿದಿದೆ" ಎಂದೆ.

"ಇಷ್ಟು ಮನೆಗೂ?"

"ಹಸಿದಿರಬೇಕು."

ಗೋಡೆಯ ಬುಡದಲ್ಲೆಲ್ಲ ಸುಣ್ಣದ ಪುಡಿ ಚೆಲ್ಲಿತ್ತು. ಹೆಜ್ಜೆಗುರುತು ನೋಡುವುದಕ್ಕೆ ಎಂದು ನಾನು ವಿವರಿಸಿದೆ. ನಾನು ವಿವರಿಸಲಾರದ್ದು ಆ ಊರಿನಲ್ಲಿ ಒಂದೂ ಇರಲಿಲ್ಲ. ಅಷ್ಟರಲ್ಲಿ ಬೇಲಿಯ ಆಚೆ ಒಣಗಿದ ಎಲೆ ಸರಕ್ಕೆಂದಿತು. ಅದು ಓತಿಕ್ಯಾತವಿರಬಹುದು. ನಾವು ವಿಚಾರಿಸಲಿಲ್ಲ. ಹೆಂಚು ಪೂರ್ತಿಯಾಗಿದ್ದ ಒಂದು ಮನೆಯನ್ನು ಆರಿಸಿ, ಕೈ ಗೀರಿಸಿಕೊಂಡು ಮುಳ್ಳು ಕಿತ್ತು, ಸೈಕಲ್ಲುಗಳ ಸಮೇತ ಒಳಗೆ ನುಗ್ಗಿ, ಅಗಳಿ ಹಾಕಿ, ಅಗಳಿಗೆ ಬೆನ್ನು ಕೊಟ್ಟು ಕೂತೆವು.

ಅಬ್ಬ ಎನ್ನಿಸಿತು. ಗೋಡೆ ದಪ್ಪವಾಗಿತ್ತು, ಬಾಗಿಲು ಗಟ್ಟಿಯಾಗಿತ್ತು. ಈ ಊರಿನಲ್ಲಿ ಇದಕ್ಕಿಂತ ಕ್ಷೇಮವಾದ ಜಾಗ ಇನ್ನೊಂದಿಲ್ಲ ಎಂದು ನಾನು ನಂಜಪ್ಪನಿಗೆ ಪಿಸುಗುಟ್ಟಿದೆ. ಸಾವಿತ್ರಿ ಕಟ್ಟಿಕೊಟ್ಟಿದ್ದ ರೊಟ್ಟಿ ಬಿಚ್ಚಿ ತಿಂದೆವು. ಮುದ್ದೆ ಕೋಲು, ಒರಳು, ಗೋಡೆಗೆ ತೂಗುಹಾಕಿದ ಮಗುವಿನ ಕುಲಾವಿ, ಎಲ್ಲವೂ ಇದ್ದ ಹಾಗೇ ಇದ್ದವು. ಆ ಕುಲಾವಿಯನ್ನು ನೋಡುತ್ತ ನನಗೇಕೋ ರೊಟ್ಟಿ ಇಳಿಯಲಿಲ್ಲ. ಇವರು ಇಷ್ಟು ಅವಸರದಲ್ಲಿ ಎಲ್ಲಿಗೆ ಹೋದರು?

ಆಗ ತೊಲೆಯ ಮೇಲಿನಿಂದ ಏನೋ ನಮ್ಮಿಬ್ಬರ ನಡುವೆ, ರೊಟ್ಟಿಯ ಬಟ್ಟೆಯ ಅಂಚಿಗೆ, ತಪ್ಪೆಂದು ಬಿತ್ತು.

ನಂಜಪ್ಪ ಬಗ್ಗಿ ನೋಡಿದ. ಬಹಳ ನಿಧಾನವಾಗಿ, ಕಂಡದ್ದನ್ನು ಕಂಡಹಾಗೆ ಹೇಳಿದ: "ಮೇಷ್ಟ್ರೆ, ಇಲಿ ಬಿತ್ತು."

ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಆ ಎರಡು ಪದಗಳ ಅರ್ಥ ಹೇಳಬೇಕಾಗಿಲ್ಲ. ಇಲಿ ಬಿತ್ತು ಎಂದರೆ ಪ್ಲೇಗು ಬಂತು. ಇಲಿ ಬಿದ್ದ ಮನೆಯನ್ನು ಬಿಟ್ಟು, ಬಾಗಿಲಿಗೆ ಮುಳ್ಳು ಬಡಿದು, ಒಳಕ್ಕೆ ಬಿಸಿಲು ಬೀಳಲೆಂದು ಹೆಂಚು ತೆಗೆದು, ಸುಣ್ಣ ಚೆಲ್ಲಿ, ಊರಿಗೆ ಊರೇ ಹೊಲದ ಗುಡಿಸಲಿಗೆ ಹೋಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ನಾನೂ ಅಂಥ ಗುಡಿಸಲಿನಲ್ಲಿ ಮಲಗಿದ್ದವನೇ. ಆ ಮುದುಕ ಹಕಾರವನ್ನು ಬಿಟ್ಟಿರಲಿಲ್ಲ. ಅವನು ಕೂಗಿದ ಇಲಿಯಲ್ಲಿ ಹಕಾರವೇ ಇರಲಿಲ್ಲ. ಅದನ್ನು ಎತ್ತಿ ಕೂರಿಸಿದವನು ನಾನು.

ಹೊರಗೆ ಹುಲಿ ಇಲ್ಲವೆಂದು ತಿಳಿದು ನಾನು ಅಷ್ಟು ದುಃಖಪಟ್ಟದ್ದು ಅದೇ ಮೊದಲು.

ಬಾಗಿಲು ತೆಗೆದದ್ದು ನೆನಪಿಲ್ಲ. ಊರಾಚೆಯ ಮಾವಿನ ತೋಪಿನಲ್ಲಿ ಸೋಗೆಯ ಗುಡಿಸಲುಗಳ ಸಾಲು ಕಂಡಾಗ ನಾವು ಇನ್ನೂ ಸೈಕಲ್ಲು ನೂಕಿಕೊಂಡು ಓಡುತ್ತಲೇ ಇದ್ದೆವು.

"ಅಲ್ಲೇ ನಿಂತ್ಕಳಿ" ಎಂದು ಒಬ್ಬ ಅಜ್ಜಿ ಕೈಯೆತ್ತಿ ಕೂಗಿದಳು. "ಎಲ್ಲಿಂದ ಬಂದ್ರಿ?"

"ಊರೊಳಗಿಂದ" ಎಂದ ನಂಜಪ್ಪ.

ಗುಡಿಸಲುಗಳ ಮುಂದೆ ಇದ್ದವರೆಲ್ಲ ನಾಲ್ಕು ಹೆಜ್ಜೆ ಹಿಂದೆ ಸರಿದರು.

"ಊರೊಳಕ್ಕೆ ಯಾತಕ್ ಓದ್ರಪ್ಪಾ? ಕುರಿ ಕಾಯೋ ನಮ್ಮಣ್ಣ ಏಳಲಿಲ್ವಾ ಇಲಿ ಬಿದ್ದೈತೆ ಅಂತ?"

"ಹೇಳಿದರು ಕಣಮ್ಮ. ನಮಗೆ ಹುಲಿ ಅಂತ ಕೇಳಿಸ್ತು" ಎಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಉಲಿಯಾಗಿದ್ರೆ ಒಂದು ಕುರಿ ತಿಂದು ಓಗೋದು ಸಾಮಿ. ಇದು ನಮ್ಮ ಬೀದೀಲಿ ಮೂವರನ್ನ ತಕ್ಕಂಡು ಓಯ್ತು" ಎಂದಳು. ಅವಳು ಅದನ್ನು ಬೈಗುಳದಂತೆ ಹೇಳಲಿಲ್ಲ. ಆಮೇಲೆ ಒಂದು ಮಡಕೆಯಲ್ಲಿ ನೀರು ತಂದು ನಡುದಾರಿಯಲ್ಲಿಟ್ಟು, ಹಿಂದೆ ಸರಿದು, "ಕುಡುದು ಮಡಕೆ ಒಡದಾಕಿ. ಒಸಕೋಟೆ ಡಾಕ್ಟ್ರ ತಾವ ಓಗಿ ಸೂಜಿ ಆಕಿಸ್ಕಳಿ" ಎಂದಳು. ಒಸಕೋಟೆಯನ್ನು ನಾನು ತಿದ್ದಲಿಲ್ಲ.

ಸೈಕಲ್ಲು ಹತ್ತಲು ಹೋದವನು ಹಾಗೇ ನಿಂತೆ. ತೊಡೆಯ ಸಂದಿಯಲ್ಲಿ ತಡೆಯಲಾರದ ನೋವು. ಮರದ ಮರೆಗೆ ಹೋಗಿ ಮುಟ್ಟಿ ನೋಡಿಕೊಂಡೆ. ನೆಲ್ಲಿಕಾಯಿ ಗಾತ್ರದ ಒಂದು ಗೆಡ್ಡೆ ಇತ್ತು.

ಪ್ಲೇಗಿನ ಗೆಡ್ಡೆ ಏಳುವ ಜಾಗ ಅದೇ. ಮರಕ್ಕೆ ಒರಗಿ ನಿಂತೆ. ಸಾವಿತ್ರಿಯ ಮುಖ, ಮಗ್ಗಿ ಹೇಳುವ ಮಗಳ ದನಿ, ತಿದ್ದದೆ ಬಿಟ್ಟುಬಂದ ಪರೀಕ್ಷೆಯ ಉತ್ತರಗಳು, ಎಲ್ಲವೂ ಒಟ್ಟಿಗೆ ಬಂದವು. ಮನೆಗೆ ಹೋಗಬಾರದು, ಹೋದರೆ ಅವರಿಗೂ ತಗಲುತ್ತದೆ ಎಂದು ನಿಶ್ಚಯಿಸಿದೆ. ನಂಜಪ್ಪನಿಗೆ ಹೇಳಲಿಲ್ಲ. ಅವನೂ ಆಗಾಗ ಬೇರೊಂದು ಮರದ ಮರೆಗೆ ಹೋಗಿ ಬರುತ್ತಿದ್ದ. ನಾನೂ ಕೇಳಲಿಲ್ಲ.

ಹೊಸಕೋಟೆಯವರೆಗೆ ಸೈಕಲ್ಲು ಹಿಡಿದು, ಕಾಲು ಅಗಲಿಸಿಕೊಂಡು ನಡೆದೆ. ಗೆಡ್ಡೆ ಎದ್ದವರು ನಡೆಯುವುದು ಥೇಟು ಹಾಗೆಯೇ. ಎದುರು ಬಂದ ಗಾಡಿಯವನು ನನ್ನ ನಡಿಗೆ ಕಂಡು ಎತ್ತುಗಳನ್ನು ಹೊಲಕ್ಕೆ ಇಳಿಸಿದ. ಸೂಲಿಬೆಲೆಯಲ್ಲಿ ನಾನು ನೆರಳಿಗೆಂದು ಹೋದ ಅರಳಿಕಟ್ಟೆ ಕ್ಷಣದಲ್ಲಿ ಖಾಲಿಯಾಯಿತು.

"ಮೇಷ್ಟ್ರಿಗೆ ಎಲ್ಲಿ ಹೋದ್ರೂ ಜಾಗ ಬಿಡ್ತಾರೆ" ಎಂದ ನಂಜಪ್ಪ. ನಗಿಸಬೇಕೆಂದು ಹೇಳಿದ.

ಡಾಕ್ಟರು ವಯಸ್ಸಾದವರು. ಇಳಿಬಿಸಿಲಿನಲ್ಲಿ ಅಂಗಳದಲ್ಲೇ ನನ್ನನ್ನು ನಿಲ್ಲಿಸಿ, ನಾಲಿಗೆ ನೋಡಿ, ಹಣೆ ಮುಟ್ಟಿ, ಜ್ವರವಿಲ್ಲವಲ್ಲ ಎಂದರು. ನಾನು ಕಂಡದ್ದನ್ನೆಲ್ಲ ಕ್ರಮವಾಗಿ ಹೇಳಿದೆ.

"ನೋವು ಶುರುವಾದದ್ದು ಯಾವಾಗ? ಇಲಿಗೆ ಮುಂಚೆಯೋ, ಆಮೇಲೋ?"

ಯೋಚಿಸಿದೆ. "ಮುಂಚೆ."

"ಹುಲಿಗೆ ಮುಂಚೆಯೋ?"

"ಹುಲಿಗೂ ಮುಂಚೆ. ದೇವನಹಳ್ಳಿ ಕೋಟೆಯ ಹತ್ತಿರ."

"ಇವತ್ತು ಮಧ್ಯಾಹ್ನ ಬಿದ್ದ ಇಲಿ ಇವತ್ತು ಬೆಳಿಗ್ಗೇನೇ ಗೆಡ್ಡೆ ಎಬ್ಬಿಸಲ್ಲ ಮೇಷ್ಟ್ರೆ. ನಿಕ್ಕರು ತೆಗೀರಿ."

ತೆಗೆದೆ. ಒಳಗಿನಿಂದ ಪಂಚೆ ಹೊರಬಂತು. ಬಂತು, ಬರುತ್ತಲೇ ಇತ್ತು. ಬೆವರಿಗೆ ನೆನೆದು, ಹಗ್ಗದಂತೆ ಹೊಸೆದು, ಗಂಟು ಕಲ್ಲಾಗಿತ್ತು. ಅದು ಕೂತಿದ್ದ ಜಾಗದಲ್ಲಿ ಚರ್ಮ ಸುಲಿದಿತ್ತು. ಅದರ ಪಕ್ಕದಲ್ಲಿ ನನ್ನ ಗೆಡ್ಡೆ. ಡಾಕ್ಟರು ಗಂಟನ್ನು ಒಂದು ಸಲ, ಗೆಡ್ಡೆಯನ್ನು ಒಂದು ಸಲ ನೋಡಿದರು.

"ಸುಲಿದ ಗಾಯಕ್ಕೆ ಕಟ್ಟಿರೋ ಗೆಡ್ಡೆ. ಸೀಟಿಗೂ ನಿಮಗೂ ನಡುವೆ ಇದನ್ನ ಇಟ್ಟುಕೊಂಡು ಎಲ್ಲೀವರೆಗೆ ಹೋಗೋ ಯೋಚನೆ ಇತ್ತು?"

"ಕನ್ಯಾಕುಮಾರಿವರೆಗೆ" ಎಂದೆ.

ಅವರು ನಗಲಿಲ್ಲ. ಅದಕ್ಕಾಗಿ ನಾನು ಅವರಿಗೆ ಇವತ್ತಿಗೂ ಋಣಿ. "ಇದು ಪ್ಲೇಗಲ್ಲ. ಆದರೆ ಆ ಮನೇಲಿ ಕೂತಿದ್ದು ಕೂತಿದ್ದೇ. ಸೂಜಿ ಹಾಕ್ತೀನಿ. ನಾನು ಹೇಳೋವರೆಗೂ ಇಬ್ಬರೂ ಊರಾಚೆ ಶೆಡ್ಡಿನಲ್ಲಿರಿ" ಎಂದರು. ಇದ್ದೆವು. ದಿನಕ್ಕೆ ಎಷ್ಟು ಸಲ ಹಣೆ ಮುಟ್ಟಿಕೊಂಡೆವೋ ಲೆಕ್ಕವಿಲ್ಲ. ನಂಜಪ್ಪ ನಿದ್ದೆಯಲ್ಲಿ ಕೆಮ್ಮಿದರೆ ನಾನು ಎದ್ದು ಕೂರುತ್ತಿದ್ದೆ. ನಾನು ಎದ್ದರೆ ಅವನು ಕೂರುತ್ತಿದ್ದ.

ಜ್ವರ ಬರಲಿಲ್ಲ. ಕಡೆಗೊಂದು ದಿನ ಡಾಕ್ಟರು ಹೋಗಿ ಎಂದರು. ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸಿನ ನೆತ್ತಿಗೆ ಸೈಕಲ್ಲು ಕಟ್ಟಿಸಿ, ದಾರಿಯುದ್ದಕ್ಕೂ ನಿಂತುಕೊಂಡೇ ಊರು ಸೇರಿದೆ.

ಡಾಕ್ಟರು ಬರೆದಿದ್ದ ಕಾಗದ ನೋಡಿ ಸಾವಿತ್ರಿ ಬಾಗಿಲಲ್ಲೇ ಕಾದು ನಿಂತಿದ್ದಳು. ನನ್ನ ಹಣೆ ಮುಟ್ಟಿದಳು, ಕತ್ತು ಮುಟ್ಟಿದಳು. ಕಣ್ಣು ಒರೆಸಿಕೊಂಡ ಮೇಲೆ ಕೇಳಿದಳು: "ಕನ್ಯಾಕುಮಾರೀಲಿ ಸಮುದ್ರ ಹೇಗಿತ್ತು?"

"ನಂಜಪ್ಪ ಹೇಳ್ತಾನೆ" ಎಂದು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಹಾಲು ಹಾಕುವ ಮುನಿಯಮ್ಮ ಬಂದಳು. ಪಾತ್ರೆಗೆ ಹಾಲು ಸುರಿಯುತ್ತ, "ಗೊತ್ತಾಯ್ತಾ ಮೇಷ್ಟ್ರೆ, ನಮ್ಮೂರ್ ತಾವ ...ಲಿ ಬಿದ್ದೈತೆ" ಎಂದಳು. ಪಾತ್ರೆಯ ಸದ್ದಿನಲ್ಲಿ ಮೊದಲಿನ ಅಕ್ಷರ ಮುಳುಗಿಹೋಯಿತು.

ನಾನು ನಾಲ್ಕು ಹೆಜ್ಜೆ ಹಿಂದೆ ಸರಿದೆ. "ಏನು ಬಿದ್ದಿದೆ? ಸರಿಯಾಗಿ ಹೇಳು. ದೊಡ್ಡದೋ ಚಿಕ್ಕದೋ?"

"ದೊಡ್ಡದೇ. ರಾತ್ರಿ ಕೊಟ್ಟಿಗೇಗ್ ನುಗ್ಗಿ ಕರ ಒತ್ಕೊಂಡ್ ಓಗೈತೆ."

"ಸದ್ಯ" ಎಂದು ನಾನು ಜಗಲಿಯ ಮೇಲೆ, ಇನ್ನೂ ಒಂದು ಪಕ್ಕಕ್ಕೆ ವಾಲಿಕೊಂಡೇ, ಕುಳಿತೆ. "ಹುಲಿ."