ಒಂಬತ್ತು ವರ್ಷದ ಮೀಸೆ

ಇಶ್ತಿಯಾಕನ ಮೀಸೆ ಅವನದಾಗಿರಲಿಲ್ಲ, ಸಿನಿಮಾದ್ದಾಗಿತ್ತು. ಕೊಟ್ಟೂರಿನ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಬೈಕ್ ರಿಪೇರಿ ಮಾಡುವ ಈ ಮನುಷ್ಯ ಒಂಬತ್ತು ವರ್ಷದಿಂದ ಅದನ್ನು ಬೇರೆಯವರ ಎಮ್ಮೆ ಸಾಕಿದಂತೆ ಜೋಪಾನ ಮಾಡಿಕೊಂಡು ಬಂದಿದ್ದ.

ಮಾಗಳದ ಸೌಭಾಗ್ಯ ಒಂದು ಸಿನಿಮಾಕ್ಕೆ ಕೈ ಹಾಕಿದ್ದಳು. ಪುಟ್ಟ ಹುಡುಗನೊಬ್ಬ ಬೆಳೆದು ಗಂಡಸಾಗುವ ಕತೆ. ಚಿಕ್ಕವನಿಗೊಬ್ಬ, ದೊಡ್ಡವನಿಗೊಬ್ಬ ಎಂದು ನಟರನ್ನು ಬದಲಿಸದೆ, ಒಬ್ಬನೇ ಹುಡುಗ ನಿಜಕ್ಕೂ ಬೆಳೆಯುವತನಕ ಕಾದು, ಪ್ರತಿ ವರ್ಷ ದಸರಾ ರಜೆಯಲ್ಲಿ ಒಂದಿಷ್ಟು ಶೂಟಿಂಗ್ ಮಾಡುವುದು ಅವಳ ಹಟ. ಆ ಹುಡುಗ ಪ್ರತಿ ಸಲ ಇಶ್ತಿಯಾಕನ ಅಂಗಡಿಗೆ ಸೈಕಲ್ಲಿಗೆ ಗಾಳಿ ಹಾಕಿಸಲು ಬರುತ್ತಾನೆ, ಅವನ ಮೀಸೆಯನ್ನೇ ನೋಡುತ್ತ ನಿಲ್ಲುತ್ತಾನೆ. ಮುಂದೇನೆಂದು ಸೌಭಾಗ್ಯ ಯಾರಿಗೂ ಮುಂಚಿತವಾಗಿ ಹೇಳುತ್ತಿರಲಿಲ್ಲ. ಹೋಗುವಾಗ ಹೇಳುತ್ತಿದ್ದುದು ಒಂದೇ ಮಾತು: “ಇಶ್ತಿಯಾಕಣ್ಣ, ಹುಡುಗ ಅಷ್ಟ ಬದಲಾಗ್ಬೇಕು. ನಿಮ್ಮ ಅಂಗಡಿ, ಮೀಸಿ ಎಲ್ಲಾ ಹಿಂಗಾ ಇರ್ಲಿ.”

ಇದ್ದವು. ಸುಣ್ಣ ಉದುರಿದ ಗೋಡೆ, ಒಡೆದ ಕನ್ನಡಿ, ಅಕ್ಷರ ಅಳಿಸಿದ ಬೋರ್ಡು, ಯಾವುದನ್ನೂ ಇಶ್ತಿಯಾಕ ಮುಟ್ಟಲಿಲ್ಲ. ಗಿರಾಕಿಗಳು ಥಳಥಳಿಸುವ ಎದುರಂಗಡಿಗೆ ಹೋದರೂ ಮುಟ್ಟಲಿಲ್ಲ. ಹೆಂಡತಿ ಮುಬೀನಾ ಬೈದಾಗಲೆಲ್ಲ, “ಪಿಕ್ಚರ್ ಬರ್ಲಿ. ಊರ ಮುಂದ, ಸ್ಟೇಜಿನ ಮ್ಯಾಲ ನನಗ ಶಾಲು ಹೊದಿಸ್ತಾರ, ಆವಾಗ ನೋಡು” ಎನ್ನುತ್ತಿದ್ದ. ಆ ಶಾಲಿನ ಆಸೆಗೇ ಅವನು ಒಂಬತ್ತು ವರ್ಷ ಬೈಸಿಕೊಂಡಿದ್ದ.

ಕೊನೆಗೂ ಒಂದು ಬೆಳಿಗ್ಗೆ ಸೌಭಾಗ್ಯ ಫೋನ್ ಮಾಡಿದಳು. ಸಂಜೆ ಕಾಲೇಜಿನ ಹಾಲಿನಲ್ಲಿ ಸಿನಿಮಾ ತೋರಿಸುತ್ತೇವೆ, ಆಮೇಲೆ ಚರ್ಚೆ ಇದೆ, ನೀವು ಸ್ಟೇಜಿಗೆ ಬರಬೇಕು ಎಂದಳು. ಇಶ್ತಿಯಾಕ ಕೆಲಸ ಮುಗಿಯದೆ ಯಾರ ಗಾಡಿಯ ಕೀಲಿಯನ್ನೂ ವಾಪಸ್ ಕೊಟ್ಟವನಲ್ಲ. ಸಿನಿಮಾ ತೋರಿಸುತ್ತಾರೆಂದರೆ ಸಿನಿಮಾ ಮುಗಿದಿದೆ, ಅದರಲ್ಲಿ ಕೇಳುವುದೇನಿದೆ?

ಪಕ್ಕದ ಮಿರ್ಚಿ ಅಂಗಡಿಯ ಗವಿಸಿದ್ದೇಶನೂ ಮೀಸೆಯ ಮನುಷ್ಯನೇ. ಸುದ್ದಿ ಕೇಳಿದ್ದೇ ತಡ, ಸ್ಟೇಜಿನ ಲೈಟಿಗೆ ಬಿಳಿ ಕೂದಲು ಎದ್ದು ಕಾಣುತ್ತದೆಂದು ಮನೆಯಿಂದ ಬಣ್ಣ ತಂದು ಇಶ್ತಿಯಾಕನ ಮೀಸೆಗೆ ತಾನೇ ಹಚ್ಚಿದ. ತೊಳೆದು ನೋಡಿದರೆ ಮೀಸೆ ಒಣಮೆಣಸಿನಕಾಯಿಯಷ್ಟು ಕೆಂಪಗಾಗಿತ್ತು. “ತುದಿ ಅಷ್ಟ ಕತ್ತರಿಸಿದ್ರ ಸರಿಹೋಗ್ತೈತಿ ತಡಿಲೇ” ಎಂದು ಕತ್ತರಿ ಹಿಡಿದ. ಎಡಗಡೆ ಉದ್ದವಾಯಿತೆಂದು ಎಡಗಡೆ, ಬಲಗಡೆ ಉದ್ದವಾಯಿತೆಂದು ಬಲಗಡೆ, ಬೆಕ್ಕುಗಳಿಗೆ ರೊಟ್ಟಿ ಹಂಚಿದ ಮಂಗನ ಹಾಗೆ ಸರಿಮಾಡುತ್ತಲೇ ಹೋದ. ಕಡೆಗೆ ಉಳಿದದ್ದನ್ನು ಬೋಳಿಸಿಬಿಡುವುದೇ ಮರ್ಯಾದೆ ಎಂದಾಯಿತು.

ಬೋಳು ಮುಖ ಕಂಡು ಮುಬೀನಾ ಗಾಬರಿಯಾಗಲಿಲ್ಲ. ಮೀಸೆಯೇ ಹೋದ ಮೇಲೆ ಗೋಡೆಯ ಹಂಗೇನು ಎಂದು ಪೇಂಟರ್ ಹೊನ್ನೂರಸ್ವಾಮಿಯನ್ನು ಕರೆಸಿದಳು. ಅವನ ಹತ್ತಿರ ಯಾವುದೋ ಮದುವೆ ಮನೆಗೆ ಬಳಿದು ಉಳಿದ ಗಿಳಿಹಸಿರು ಇತ್ತು. ಮಧ್ಯಾಹ್ನದೊಳಗೆ ಅಂಗಡಿ ಗಿಳಿಹಸಿರಾಯಿತು, ಒಡೆದ ಕನ್ನಡಿ ತಿಪ್ಪೆ ಸೇರಿತು. ಇಶ್ತಿಯಾಕ ತಡೆಯಲಿಲ್ಲ. ಹೊಸ ಮುಖಕ್ಕೆ ಹೊಸ ಅಂಗಿ ಹಾಕಿಕೊಂಡು ಹೊರಟ.

ಹಾಲ್ ತುಂಬಿತ್ತು. ಹಡಗಲಿ, ಹರಪನಹಳ್ಳಿ ಕಡೆಯಿಂದಲೂ ವಿದ್ಯಾರ್ಥಿಗಳು ಬಂದಿದ್ದರು. ಪರದೆಯ ಮೇಲೆ ಹುಡುಗ ಎಲ್ಲರ ಕಣ್ಣೆದುರೇ ಬೆಳೆದ. ಹಾಲುಹಲ್ಲು ಬಿದ್ದವು, ದನಿ ಒಡೆಯಿತು, ಚಡ್ಡಿ ಹೋಗಿ ಪ್ಯಾಂಟು ಬಂತು. ಆ ಮೀಸೆ ಮಾತ್ರ ಹಾಗೆಯೇ ಇತ್ತು. ಅದು ಕಂಡಾಗಲೆಲ್ಲ ಜನ ಸಿಳ್ಳೆ ಹೊಡೆದರು. ಇಶ್ತಿಯಾಕನಿಗೆ ಎದೆ ತುಂಬಿ ಕಣ್ಣಲ್ಲಿ ನೀರು ಬಂತು.

ಸಿನಿಮಾ ನಿಂತು ದೀಪ ಹತ್ತಿದವು. ಮೈಕಿನಲ್ಲಿ ಸಿನಿಮಾದ ಮೆಕ್ಯಾನಿಕ್ಕನನ್ನು ಕರೆದರು. ಇಶ್ತಿಯಾಕ ಸ್ಟೇಜಿನ ಮೆಟ್ಟಿಲ ಹತ್ತಿರ ಹೋದರೆ ಯಾರೋ ಅಡ್ಡ ನಿಂತು, ನೀವ್ಯಾರು ಎಂದರು. ಆ ಮೆಕ್ಯಾನಿಕ್ ತಾನೇ ಎಂದ.

“ಮತ್ತ ಮೀಸಿ ಎಲ್ಲೈತ್ರಿ?”

ಬಣ್ಣ ಹಚ್ಚಿದ ಕತೆಯನ್ನು ಅವನು ಶುರುಮಾಡುವಷ್ಟರಲ್ಲಿ ಹರಪನಹಳ್ಳಿಯ ಹುಡುಗರು ಮುಂದಿನ ಸಾಲಿನಲ್ಲಿ ಕಣ್ಣಿಗೆ ಬಿದ್ದ ಮೀಸೆಯನ್ನು, ಅಂದರೆ ಗವಿಸಿದ್ದೇಶನನ್ನು, ಎತ್ತಿ ಸ್ಟೇಜಿಗೆ ಹತ್ತಿಸಿದ್ದರು. ವಿಷಯ ಗೊತ್ತಿದ್ದ ಊರವರು ತಮಾಷೆ ಕೆಡಿಸಲಿಲ್ಲ. ಸೌಭಾಗ್ಯ ಹಾಲಿನ ಹಿಂಬದಿಯ ಪ್ರೊಜೆಕ್ಟರ್ ಬಿಟ್ಟು ಜನರ ನಡುವೆ ದಾರಿ ಮಾಡಿಕೊಂಡು ಬರುವಷ್ಟರಲ್ಲಿ ಶಾಲು ಹೊದಿಸಿ ಆಗಿತ್ತು. ಒಂಬತ್ತು ವರ್ಷ ಒಂದೇ ಥರ ಇರುವುದು ಹೇಗೆ ಸಾಧ್ಯವಾಯಿತು ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು.

“ಅದೊಂದು ತಪಸ್ಸು ಇದ್ದಂಗವ್ವಾ” ಎಂದ ಗವಿಸಿದ್ದೇಶ್, ಮೀಸೆ ತಿರುವುತ್ತ. “ಯಾರು ಏನಾ ಹೇಳ್ಲಿ, ಮೀಸಿಗೆ ಕತ್ತರಿ ತಾಗಿಸ್ಬಾರ್ದು.”

ಸೌಭಾಗ್ಯ ಸ್ಟೇಜನ್ನು ನೋಡಿದಳು, ಮೆಟ್ಟಿಲ ಹತ್ತಿರ ನಿಂತವನ ಗ್ರೀಸ್ ಹತ್ತಿದ ಕೈಗಳನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿ ಮೆಟ್ಟಿಲ ಮೇಲೆಯೇ ಕುಸಿದು ಕೂತಳು.

“ಇಶ್ತಿಯಾಕಣ್ಣ, ಇವತ್ತ ತೋರ್ಸಿದ್ದು ಇಲ್ಲೀತನಕ ತೆಗದಿದ್ದಷ್ಟ, ಕಡೀ ಸೀನ್ ಇನ್ನಾ ಉಳದೈತಿ, ನಾಳೆ ತೆಗೀಬೇಕಿತ್ತು. ಹುಡುಗಂಗ ಈಗ ಮೀಸಿ ಬಂದಾವು. ನಿಮ್ಮ ಒಡದ ಕನ್ನಡ್ಯಾಗ ಇಬ್ರೂ ಕೂಡಿ ಮೀಸಿ ತಿರುವ್ಬೇಕು. ಒಂಬತ್ತು ವರ್ಷ ನಾ ಕಾದಿದ್ದು ಅದಕ್ಕ.”

ಇಶ್ತಿಯಾಕ ಕನ್ನಡಿ ತಿಪ್ಪೆಗೆ ಹೋದದ್ದನ್ನು ಹೇಳಿದ, ಗಿಳಿಹಸಿರನ್ನು ಹೇಳಿದ, ಸ್ವಲ್ಪ ಕಾಯಿರಿ ಮತ್ತೆ ಬೆಳೆಸುತ್ತೇನೆ ಎಂದು ಅಂಗಲಾಚಿದ. ನಾನೇನೋ ಕಾಯುತ್ತೇನೆ, ಹುಡುಗ ಬೆಳೆಯುವುದನ್ನು ನಿಲ್ಲಿಸಬೇಕಲ್ಲ ಎಂದಳು ಆಕೆ. ಅವನ ಬೋಳು ಮುಖವನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ಅವಳ ಮುಖ ಅರಳಿತು. ತಾನು ಬರೆದದ್ದಕ್ಕಿಂತ ಇದೇ ಚೆನ್ನಾಗಿದೆ, ಹುಡುಗ ಹೊಸ ಮೀಸೆ ತೋರಿಸಲು ಓಡಿ ಬಂದರೆ ಅಂಗಡಿಯೇ ಬೇರೆ, ಒಳಗಿರುವವನೇ ಬೇರೆ ಎಂದಳು.

“ಆ ಹೊಸ ಮನಿಷ್ಯಾ ನೀವಾ ಆಗ್ರಿ. ಪಿಕ್ಚರಿನ ಕಡೀ ಮಾತು ನಿಮ್ದಾ.”

ಹೋದ ಜೀವ ಬಂದಂತಾಯಿತು. ಕಡೆಯ ಮಾತೆಂದರೆ ಸಾಮಾನ್ಯವೇ? ಇಶ್ತಿಯಾಕ ಮುಬೀನಾಳ ಕಡೆ ನೋಡಿ, ಇಲ್ಲದ ಮೀಸೆ ತಿರುವಿ, ಮಾತು ಯಾವುದೆಂದು ಕೇಳಿದ.

“ಮೀಸಿ ಮಾಮ ಎಲ್ಲಿ ಅಂತ ಹುಡುಗ ಕೇಳ್ತಾನ. ‘ಆತ ಸತ್ತು ಭಾಳ ದಿನ ಆತಪ್ಪಾ’ ಅನ್ರಿ. ಅಷ್ಟ.”

ಅಷ್ಟರಲ್ಲಿ ಗವಿಸಿದ್ದೇಶ್ ಶಾಲು ಸರಿಮಾಡಿಕೊಳ್ಳುತ್ತ ಸ್ಟೇಜಿನಿಂದ ಇಳಿದು ಬಂದ. ಅರ್ಧ ಮಾತು ಕಿವಿಗೆ ಬಿದ್ದು ಅವನ ಮುಖ ಸಣ್ಣದಾಯಿತು.

“ಯಾರಲೇ ಸತ್ತಿದ್ದು?”

“ನಾನೇ ಲೇ” ಎಂದ ಇಶ್ತಿಯಾಕ.